ಆಮೆನ್ ಮಾಸ್ತರ

ಕಣ್ಣು ಮುಚ್ಚಿಕೊಂಡು ಪೇಟಿ ಬಾರಿಸುವವರನ್ನು ನಾನು ಬೇಕಾದಷ್ಟು ಮಂದಿ ನೋಡಿದ್ದೇನೆ. ಕಣ್ಣು ತೆರೆದು, ಎದುರಿಗೆ ಹಾಡುವವನ ಮುಖವನ್ನೇ ನೋಡುತ್ತ, ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂದು ಕಾಯುತ್ತ ಬಾರಿಸುತ್ತಿದ್ದವರು ಅವರೊಬ್ಬರೇ. ಹಾರ್ಮೋನಿಯಂ ಎಂಬ ಹೆಸರು ನಮ್ಮ ಕಡೆ ಪುಸ್ತಕದಲ್ಲಿ ಮಾತ್ರ ಇದೆ. ಜನರ ಬಾಯಲ್ಲಿ ಅದು ಪೇಟಿ, ಬಾರಿಸುವವರು ಪೇಟಿ ಮಾಸ್ತರರು.

ಹೋದ ತಿಂಗಳು ಬಸವನ ಬಾಗೇವಾಡಿಯಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಊಟ ಮುಗಿಸಿ ಅಡ್ಡಾಗಿದ್ದೆ. ಮಣ್ಣಿಗೆ ಹೋಗಿ ಬಂದೆ. ಆವತ್ತಿನಿಂದ ಮಧ್ಯಾಹ್ನದ ಅರೆನಿದ್ದೆಯಲ್ಲಿ ಗೋಡೆಯಾಚೆಯಿಂದ ಪೇಟಿಯ ದನಿ ಕೇಳಿದಂತಾಗುತ್ತದೆ. ಹಾಡಲ್ಲ. ಹಾಡಿಗೆ ಮೊದಲು ಅವರು ಒಂದೇ ಸ್ವರವನ್ನು ಹಿಡಿದು ಉದ್ದಕ್ಕೆ ಬಿಡುತ್ತಿದ್ದರಲ್ಲ, ಅದು. ಎದ್ದು ಕೂತರೆ ಏನೂ ಇರುವುದಿಲ್ಲ. ಬಿಸಿಲು ಅಂಗಳದ ತುಂಬ ಬಿದ್ದಿರುತ್ತದೆ, ನೆರೆಮನೆಯ ತಗಡು ಕಾದು ಚಟ್ ಎನ್ನುತ್ತದೆ, ಅಷ್ಟೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಇಂಡಿ, ಸಿಂದಗಿ ಕಡೆಯ ಮಂದಿಗೆ ಗುರುತು ಹತ್ತಲಿಕ್ಕಿಲ್ಲ. ಆ ಮಂದಿ ಅವರನ್ನು ಕರೆಯುತ್ತಿದ್ದುದು ಬೇರೆ ಹೆಸರಿನಿಂದ.

ನನಗೆ ಮೊದಲ ನೌಕರಿ ಸಿಕ್ಕಿದ್ದು ಸಿಂದಗಿ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ, ಮಕ್ಕಳಿಗೆ ಕಲಿಸುವ ಕೆಲಸ. ಯಂಕಂಚಿ ದಾಟಿ, ಹೊಲಗಳ ನಡುವಿನ ದಾರಿ ಹಿಡಿದು ಹೋಗಬೇಕು. ಇರಲು ಒಂದು ಕೋಣೆ ಸಿಕ್ಕಿತು. ಅದರ ಮಗ್ಗುಲಿಗೆ ಅಂಥದೇ ಇನ್ನೊಂದು ಕೋಣೆ, ಅದಕ್ಕೆ ಬೀಗ. ಯಾರದು ಎಂದು ಕೇಳಿದರೆ ಊರವರು ನಕ್ಕು, ಸುಗ್ಗಿ ಮುಗಿಯಲಿ, ಆಮೆನ್ ಮಾಸ್ತರ ಬರುತ್ತಾರೆ, ಆಗ ನೋಡುವಿರಂತೆ ಎಂದರು. ಜೋಳದ ರಾಶಿ ಮುಗಿದು ಕಣಗಳು ಖಾಲಿಯಾದ ಮೇಲೆ ಆ ಊರಿನವರು ನಾಟಕ ಆಡುತ್ತಿದ್ದರು. ತಾಲೀಮು ನಡೆಯುವಷ್ಟು ದಿನವೂ ಪೇಟಿ ಮಾಸ್ತರರು ಬಂದು ಆ ಕೋಣೆಯಲ್ಲಿ ಇರುತ್ತಿದ್ದರು.

ಒಂದು ಬೆಳಿಗ್ಗೆ ನನ್ನ ನಿದ್ದೆಯೊಳಗೆ ಪೇಟಿ ನುಡಿಯಿತು. ಬಹಳ ಮೆಲ್ಲಗೆ, ಎಬ್ಬಿಸಬಾರದು ಎಂಬಂತೆ. ಅದರ ಕೆಳಗೆ ಒಬ್ಬ ಮನುಷ್ಯನ ದನಿ, ಹಾಡುವುದಕ್ಕೂ ಮಾತಾಡುವುದಕ್ಕೂ ನಡುವಿನದು. ಕನಸೆಂದೇ ತಿಳಿದು ಮಗ್ಗುಲು ಬದಲಿಸಿದೆ. ಎದ್ದು ಹೊರಗೆ ಬಂದಾಗ ಬಿಳಿ ಅಂಗಿ, ಬಿಳಿ ಧೋತರದ ವಯಸ್ಸಾದವರೊಬ್ಬರು ಕಟ್ಟೆಯ ಮೇಲೆ ಕೂತು ಪೇಟಿಯನ್ನು ಕಂದು ಶಾಲಿನಿಂದ ಒರೆಸುತ್ತಿದ್ದರು. ಆ ಶಾಲನ್ನು ಅವರು ಹೊದ್ದದ್ದನ್ನು ನಾನು ಎಂದೂ ನೋಡಲಿಲ್ಲ. ಚಳಿಯಲ್ಲಿಯೂ ಅದು ಪೇಟಿಯದೇ. ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಶಾಲು ಸುತ್ತಿ, ಕೂಸನ್ನು ದವಾಖಾನೆಗೆ ಒಯ್ಯುವವರ ಹಾಗೆ ಕೂಡುತ್ತಿದ್ದರು.

ಕೃಷ್ಣೆಯ ಆಚೆಗೆ ನೇಕಾರರ ಊರೊಂದರಲ್ಲಿ, ಮುತ್ತಜ್ಜನ ಕಾಲದಿಂದ ಕ್ರೈಸ್ತರಾಗಿದ್ದ ಮನೆ ಅವರದು. ಅಪ್ಪ ಮಗ್ಗದಲ್ಲಿ ಕೂತರೆ ಲಾಳಿ ಓಡುವ ಸದ್ದಿಗೆ ಮಗ ಹಾಡುತ್ತಿದ್ದನಂತೆ. ತಾಳ ಕಲಿತದ್ದು ಅಲ್ಲಿ, ಸ್ವರ ಕಲಿತದ್ದು ಭಾನುವಾರದ ಆರಾಧನೆಯಲ್ಲಿ. ಮುಂದೆ ನಾಟಕದ ಕಂಪನಿಗಳ ಹಿಂದೆ ತಿರುಗಿ, ಕಡೆಗೆ ಹಳ್ಳಿಯ ನಾಟಕಗಳಿಗೆ ಮಾಸ್ತರರಾದರು. ಅವರ ಹೆಂಡತಿ ಬಾಗೇವಾಡಿ ಕಡೆಯ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಹಾಗಾಗಿ ಮನೆ ಬಾಗೇವಾಡಿಯಲ್ಲಿ. ಮಕ್ಕಳಿರಲಿಲ್ಲ. ಆ ಹೆಂಡತಿಯವರನ್ನು ನಾನು ಬಾಯಾರ ಎಂದು ಕರೆಯುತ್ತಿದ್ದೆ, ನರ್ಸಬಾಯಿಯವರಿಗೆ ನಮ್ಮ ಕಡೆ ಎಲ್ಲರೂ ಕರೆಯುವ ಹಾಗೆ.

ಆಮೆನ್ ಮಾಸ್ತರ ಎಂಬ ಹೆಸರು ಬಂದದ್ದು ಚಹಾದಂಗಡಿಯಲ್ಲಿ. ಏನನ್ನೇ ತಿನ್ನುವ ಮೊದಲು ಅವರು ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಕಡೆಗೆ ಕೇಳಿಸೀತೋ ಇಲ್ಲವೋ ಎಂಬಷ್ಟು ಸಣ್ಣ ದನಿಯಲ್ಲಿ ಆಮೆನ್ ಎನ್ನುತ್ತಿದ್ದರು. ಊಟಕ್ಕಾದರೆ ಸರಿ, ಮಿರ್ಚಿ ಬಜಿಗೂ ಹಾಗೆಯೇ. ಅಂಗಡಿಯವನು ಚಹಾದ ಕಪ್ಪು ಹಿಡಿದುಕೊಂಡು ಅವರು ಕಣ್ಣು ತೆರೆಯುವ ತನಕ ನಿಂತೇ ಇರುತ್ತಿದ್ದ. ಬೆಂಚಿನ ಮೇಲೆ ಕೂತವರು, ಮಾಸ್ತರ, ಬಜಿಗೆ ದೆವ್ವ ಬಡದೈತೇನು ಎಂದು ಕೇಳುತ್ತಿದ್ದರು. ಒಂದು ದಿನ ಅವರು ಕಣ್ಣು ಮುಚ್ಚಿದಾಗ ಯಾರೋ ತಟ್ಟೆಯಲ್ಲಿದ್ದ ಬಜಿಯನ್ನೇ ಎತ್ತಿಕೊಂಡರು. ಕಣ್ಣು ತೆರೆದು ನೋಡಿದರೆ ಬರೀ ತಟ್ಟೆ. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಅವರು ತಟ್ಟೆಯನ್ನು ಆ ಕಡೆ ಸರಿಸಿ, ಹಸಿದಾಂವ ಒಯ್ದಿರಬೇಕು ಎಂದು ಚಹಾ ಕುಡಿದರು. ಹೊಟ್ಟೆಯಲ್ಲಿ ಏನಿತ್ತೋ, ಮುಖದಲ್ಲಿ ಮಾತ್ರ ಆ ಮಾತಿಗೆ ಹೊಂದದ್ದು ಏನೂ ಕಾಣಲಿಲ್ಲ.

ತಮ್ಮ ಧರ್ಮದ ಮಾತನ್ನು ಅವರು ಯಾರ ಮುಂದೆಯೂ ತಾವಾಗಿ ಎತ್ತುತ್ತಿರಲಿಲ್ಲ. ನಾಟಕದ ಮೊದಲಿಗೆ ಗಣಪತಿಯ ನಾಂದಿ ಹಾಡುವಾಗ ಎಲ್ಲರಷ್ಟೇ ಶ್ರದ್ಧೆಯಿಂದ ಶ್ರುತಿ ಹಿಡಿಯುತ್ತಿದ್ದರು. ನಿಮ್ಮ ದೇವರು ಸಿಟ್ಟಾಗುವುದಿಲ್ಲವೇ ಎಂದು ಕೆಣಕಿದರೆ, ಹಾಡುವವರಿಗೆ ಶ್ರುತಿ ಬೇಕು, ಕೊಡುವುದು ನನ್ನ ಕೆಲಸ ಎನ್ನುವರು. ಒಮ್ಮೆ ಇಂಡಿ ಕಡೆಯ ನಿಂಬೆ ತೋಟದ ಸಾಹುಕಾರರೊಬ್ಬರು ನಾಟಕದ ಮಾತಿಗೆಂದು ಅವರನ್ನು ಕರೆಸಿದ್ದರು. ಮಾಸ್ತರರ ಜೊತೆಗೆ ನಾನೂ ಹೋಗಿದ್ದೆ. ಅಂಗಳದ ತುಂಬ ನಿಂಬೆಯ ರಾಶಿ ಹರಡಿತ್ತು. ಆ ವಾಸನೆಗೆ ತಲೆ ಹಗುರಾಗಿ, ಅಲ್ಲಿ ಕೂತವರೆಲ್ಲ ನೀರಿನೊಳಗೆ ಕೂತಂತೆ ಕಾಣುತ್ತಿದ್ದರು. ಮಾತಿನ ನಡುವೆ ಸಾಹುಕಾರರು ನಗುತ್ತಲೇ ಕೇಳಿದರು.

“ನಿಮ್ಮ ಸ್ವಾಮಿಗೆ ಅಷ್ಟು ಮಂದಿ ಕೂಡಿ ಹೊಡದ್ರು, ಮಾರಿ ಮ್ಯಾಲೆ ಉಗುಳಿದ್ರು ಅಂತೀರಿ. ತನ್ನ ತಾ ಉಳಿಸಿಕೊಳ್ಳಲಾರದಾಂವ ನಿಮ್ಮನ್ನೇನು ಉಳಿಸ್ತಾನ್ರಿ ಮಾಸ್ತರ?”

ಮಾಸ್ತರರು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು.

“ಆವತ್ತು ಶಿಲುಬಿ ಮುಂದ ನಿಂತ ಮಂದೀನೂ ಇದನ್ನ ಕೇಳಿದ್ರಂತ್ರಿ,” ಎಂದರು.

ಎದುರುತ್ತರ ಕೊಟ್ಟ ದನಿಯಲ್ಲ ಅದು. ಇಬ್ಬರಿಗೂ ಗೊತ್ತಿರುವ ಹಳೆಯ ಪರಿಚಯಸ್ಥರ ಸುದ್ದಿ ಹೇಳಿದಂತಿತ್ತು. ಹೊರಡುವಾಗ ಸಾಹುಕಾರರು ಒಂದು ಚೀಲ ನಿಂಬೆಹಣ್ಣು ಕೊಟ್ಟು ಕಳಿಸಿದರು.

ಇನ್ನು ಮಲ್ಲಪ್ಪನ ಮಾತು ಹೇಳಬೇಕು. ಮಲ್ಲಪ್ಪ ಆ ಊರಿನ ದರ್ಜಿ. ಉದ್ದ ಕಾಲು, ಸಣ್ಣ ತಲೆ. ಯಾರನ್ನಾದರೂ ಒಮ್ಮೆ ನೋಡಿದರೆ ಸಾಕು, ಅವರ ನಡಿಗೆ ಅವನ ಕಾಲಿಗೆ ಬಂದುಬಿಡುತ್ತಿತ್ತು. ನಾಟಕದಲ್ಲಿ ಹಾಸ್ಯದ ಪಾತ್ರ ಯಾವಾಗಲೂ ಅವನದೇ. ಅವನಿಗೆ ಅದನ್ನು ಕಲಿಸಿದವರು ಮಾಸ್ತರರು. ಮಂದಿ ನಗಲು ಹತ್ತಿದಾಗ ಮಾತಾಡಬಾರದು, ನಗು ಇಳಿಯುವ ತನಕ ತಡೆಯಬೇಕು ಎಂದು ಅವನ ಭುಜ ಹಿಡಿದು ನಿಲ್ಲಿಸಿ ತೋರಿಸುತ್ತಿದ್ದರು. ಮಲ್ಲಪ್ಪನಿಗೂ ಅವರೆಂದರೆ ಜೀವ. ತಾನು ಮಾಡುವುದು ಅವರನ್ನು ನೋಯಿಸೀತು ಎಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ನಗಿಸುವವನಿಗೆ ನಗುವವರ ಮುಖ ಮಾತ್ರ ಕಾಣುತ್ತದೆ.

ಆ ವರ್ಷ ನನ್ನನ್ನು ಮಾತು ಎತ್ತಿಕೊಡಲು ಹಚ್ಚಿದ್ದರು. ಪರದೆಯ ಮರೆಗೆ ಪುಸ್ತಕ ಹಿಡಿದು ನಿಂತು, ಮರೆತವರಿಗೆ ಮುಂದಿನ ಮಾತು ಹೇಳುವ ಕೆಲಸ. ಶಾಲೆಯ ಪಡಸಾಲೆಯಲ್ಲಿ ಸಂಜೆಯ ತಾಲೀಮು ನಡೆದಿತ್ತು. ಮಲ್ಲಪ್ಪ ಪುಸ್ತಕದಲ್ಲಿ ಇಲ್ಲದ ಒಂದು ತುಣುಕನ್ನು ಮಾಡಿ ತೋರಿಸುತ್ತೇನೆಂದು ಎದ್ದ. ಬಿಳಿ ಧೋತರ ಉಟ್ಟು, ಮಡಚಿದ ಶಾಲನ್ನು ಕೂಸಿನಂತೆ ಎತ್ತಿಕೊಂಡು ಬಂದ. ಕೂತ. ಇಲ್ಲದ ತಟ್ಟೆಯ ಮುಂದೆ ಕಣ್ಣು ಮುಚ್ಚಿದ. ಆಮೇಲೆ ಹಾಡಿದ.

“ಕಣ್ಣ ಮುಚ್ಯಾನ ಮಾಸ್ತರ, ಬಜಿ ಒಯ್ತೋ ನಾಯಿ,
ಆಮೆನ್ ಅಂತ ಕಣ್ಣ ತೆರದ್ರ ಖಾಲಿ ಉಳೀತೋ ಬಾಯಿ.”

ಪಡಸಾಲೆಯಲ್ಲಿ ಕೂತವರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಇದು ನಾಟಕದ ಪುಸ್ತಕದಲ್ಲಿ ಇಲ್ಲ, ಒಬ್ಬರ ಪ್ರಾರ್ಥನೆಯನ್ನು ಹೀಗೆ ಆಡಿ ತೋರಿಸುವುದು ಚೆಂದವಲ್ಲ, ಬಿಟ್ಟುಬಿಡೋಣ ಎಂದೆ. ಮಲ್ಲಪ್ಪ ಮಾಸ್ತರರ ಕಡೆಗೆ ನೋಡಿದ. ಮಾಸ್ತರರ ಬೆರಳುಗಳು ಪೇಟಿಯ ಮೇಲೆ ಒತ್ತದೆ ಸುಮ್ಮನೆ ಇದ್ದವು.

“ಇರ್ಲಿ ಬಿಡ್ರಿ ಗುರುಗಳ,” ಎಂದರು. “ಆದ್ರ ಹಾಡಿನ ಧಾಟಿ ಸರಿ ಕೂತಿಲ್ಲ. ಮಲ್ಲಪ್ಪಾ, ಇನ್ನೊಮ್ಮೆ ಅನ್ನು.”

ಮಲ್ಲಪ್ಪ ಅಂದ. ಅವರು ಅವನ ಮುಖ ನೋಡುತ್ತ, ಎರಡು ಕಡೆ ಸ್ವರ ಏರಿಸಿ ಒಂದು ಕಡೆ ಇಳಿಸಿ, ಆ ಹಾಡಿಗೆ ಒಂದು ಕುಣಿಯುವ ಧಾಟಿ ಕೂಡಿಸಿಕೊಟ್ಟರು. ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತು ನಾನು ನೋಡುತ್ತಿದ್ದೆ. ಹೊರಗೆ ಹೊತ್ತು ಮುಳುಗುತ್ತಿತ್ತು, ದನಗಳು ಎಬ್ಬಿಸಿದ ಧೂಳು ಕೆಂಪಾಗಿ ನಿಂತಿತ್ತು. ಆ ಬೆಳಕಿನಲ್ಲಿ ಒಬ್ಬ ಮನುಷ್ಯ ತನ್ನನ್ನು ಹಂಗಿಸುವ ಹಾಡಿಗೆ ತಾನೇ ರಾಗ ಹಚ್ಚುತ್ತ ಕೂತಿದ್ದ. ಇಂದಿಗೂ ಅದು ನಡೆದದ್ದೇ ಹೌದೋ ಎಂದು ಒಮ್ಮೊಮ್ಮೆ ಸಂಶಯ ಬರುತ್ತದೆ.

ನಾಟಕದ ದಿನ ಆ ಹಾಡು ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೇ ಬಂತು. ಸುತ್ತಲ ಹಳ್ಳಿಗಳಿಂದ ಬಂದ ಮಂದಿ ಬಯಲಿನ ತುಂಬ ಕೂತಿದ್ದರು. ಮಲ್ಲಪ್ಪ ಮೊಣಕಾಲೂರಿ, ಕೈ ಜೋಡಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಬಜಿ ನೋಡುತ್ತ ಹಾಡಿದ. ನಾಯಿಯ ವೇಷದವನು ಬಜಿ ಕಚ್ಚಿಕೊಂಡು ಓಡುವಾಗ ಮಾಸ್ತರರು ಪೇಟಿಯ ಗಾಳಿಯನ್ನು ಒಂದು ಕ್ಷಣ ತಡೆದರು. ಆ ಮೌನಕ್ಕೇ ಮಂದಿ ಹುಚ್ಚೆದ್ದು ನಕ್ಕರು. ನಕ್ಕವರು ಸ್ಟೇಜಿನ ಕೆಳಗೆ ಪೇಟಿಯ ಮುಂದೆ ಕೂತ ನಿಜವಾದ ಮಾಸ್ತರರ ಕಡೆಗೆ ಬೆರಳು ಮಾಡಿ ಮತ್ತೆ ನಕ್ಕರು. ಹಾಡನ್ನು ಇನ್ನೊಮ್ಮೆ ಹಾಡಿಸಿದರು. ಅವರು ಇನ್ನೊಮ್ಮೆಯೂ ಅಷ್ಟೇ ಚೆಂದ ಬಾರಿಸಿದರು. ಎಷ್ಟೋ ಮಂದಿ ಫೋನು ಎತ್ತಿ ಹಿಡಿದಿದ್ದರು, ಆ ಸಣ್ಣ ಬೆಳಕುಗಳು ಬಯಲಿನಲ್ಲಿ ತೇಲಿದಂತೆ ಕಾಣುತ್ತಿದ್ದವು.

ಮರುದಿನ ಬೆಳಿಗ್ಗೆ ಅವರು ಪೇಟಿಗೆ ಶಾಲು ಸುತ್ತಿ ಬಸ್ಸಿಗೆ ಕಾಯುತ್ತಿದ್ದರು. ಮಗ್ಗುಲಿಗೆ ಕೂತು, ನಿನ್ನೆ ನಿಮಗೆ ಏನೂ ಅನಿಸಲಿಲ್ಲವೇ ಎಂದು ಕೇಳಿದೆ.

“ಅನಸ್ತು,” ಎಂದರು. ದಾರಿಯ ಕಡೆ ನೋಡುತ್ತ ಹೇಳಿದರು. “ಯೇಸುಸ್ವಾಮಿ ಮುಂದ ಸಿಪಾಯಿಗೋಳು ಮೊಣಕಾಲೂರಿ, ರಾಜಾ ಅಂತ ಕೈ ಮುಗದು ನಾಟಕನ ಆಡಿದ್ರು, ಗುರುಗಳ. ಮುಳ್ಳಿನ ಕಿರೀಟ, ಕೆಂಪು ಅರಿವಿ, ಎಲ್ಲಾ ವೇಷನೂ ಇತ್ತು. ಪೇಟಿ ಬಾರಿಸಾಕ ಒಬ್ಬ ಸಿಕ್ಕಿರಲಿಲ್ಲ, ಅಷ್ಟ.”

ಹೇಳಿ ನಕ್ಕರು. ನಾನೂ ನಕ್ಕೆ. ಬಸ್ಸು ಬಂದು ಅವರನ್ನು ಹತ್ತಿಸಿಕೊಂಡು ಧೂಳಿನಲ್ಲಿ ಕರಗಿಹೋಯಿತು.

ಮಾತು ಅಲ್ಲಿಗೆ ಮುಗಿಯಲಿಲ್ಲ. ಆ ಹಾಡು ಫೋನಿನಿಂದ ಫೋನಿಗೆ ಹಾರಿ ಸಿಂದಗಿ, ಇಂಡಿ, ಮುದ್ದೇಬಿಹಾಳ ಎಲ್ಲ ತಿರುಗಿತು. ಸಿಂದಗಿಯ ಬಸ್ ನಿಲ್ದಾಣದಲ್ಲಿ ಅವರು ಇಳಿದರೆ ಕಾಲೇಜಿನ ಹುಡುಗರು ಹಿಂದಿನಿಂದ, ಬಜಿ ಒಯ್ತೋ ನಾಯಿ ಎನ್ನುತ್ತಿದ್ದರು. ಮಾಸ್ತರರು ತಿರುಗಿ ನೋಡಿ, ಧಾಟಿ ತಪ್ಪಿದ್ದರೆ ಕೈಯಿಂದ ತಾಳ ತೋರಿಸಿ ಮುಂದೆ ಹೋಗುತ್ತಿದ್ದರಂತೆ. ಕಡೆಗೆ ಅದು ಬಾಗೇವಾಡಿಯ ಅವರ ಸಭೆಯವರ ಫೋನಿಗೂ ಬಂತು.

ಸಭೆ ಎಂದರೆ ಅಲ್ಲಿ ಇದ್ದದ್ದೇ ಕ್ರೈಸ್ತರ ಕೆಲವು ಮನೆಗಳು. ಊರ ಅಂಚಿಗೆ ತಗಡು ಹೊದಿಸಿದ ಒಂದು ಕೋಣೆ, ಅದರಲ್ಲಿ ಭಾನುವಾರದ ಆರಾಧನೆ. ಪೇಟಿ ಬಾರಿಸುವವರು ಎಷ್ಟೋ ವರ್ಷಗಳಿಂದ ಇವರೇ. ಆ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಇವರನ್ನು ನಿಲ್ಲಿಸಿಕೊಂಡರು. ನಿವೃತ್ತ ಗುಮಾಸ್ತರು, ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಹೊರಗಿನವರು ನಗುವುದು ಇದ್ದದ್ದೇ, ಆದರೆ ಪ್ರಾರ್ಥನೆಯನ್ನು ಅಣಕಿಸುವ ಹಾಡಿಗೆ ನೀವೇ ಪೇಟಿ ಬಾರಿಸಿದಿರಿ, ನಮ್ಮ ಮಕ್ಕಳು ಸಾಲಿಯಲ್ಲಿ ಈಗ ತಲೆ ಎತ್ತಿ ನಡೆಯುವ ಹಾಗಿಲ್ಲ, ಇನ್ನು ಮುಂದೆ ಆ ಕೈಯಿಂದ ಇಲ್ಲಿ ಬಾರಿಸುವುದು ಬೇಡ ಎಂದರು. ಮಾಸ್ತರರು, ಆಗಲಿ ಎಂದು ಬಂದುಬಿಟ್ಟರು.

ಇದನ್ನು ನನಗೆ ಹೇಳಿದವರು ಬಾಯಾರು. ಶನಿವಾರ ಶಾಲೆ ಬಿಟ್ಟ ಮೇಲೆ ಊರಿಗೆ ಹೋಗುವಾಗ ಬಾಗೇವಾಡಿಯಲ್ಲಿ ಇಳಿದು ಅವರ ಮನೆಗೆ ಹೋಗುವುದು ನನಗೆ ರೂಢಿಯಾಗಿತ್ತು. ಬಾಯಾರು ಎತ್ತರದ ಹೆಂಗಸು. ಹೆರಿಗೆಯ ಕೋಣೆಯಲ್ಲಿ ದನಿ ಎತ್ತಿ ಮಾತಾಡಿ ರೂಢಿಯಾದ ಅವರ ಬಾಯಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ. ಆವತ್ತು ಅವರು ಗಂಡನ ಎದುರಿಗೇ ಹೇಳಿದರು. ಮಂದಿ ನಕ್ಕರೆ ಸಹಿಸಬಹುದು, ಆ ದರ್ಜಿ ಇವರ ಅನ್ನ ಉಂಡು ಇವರಿಂದಲೇ ಕಲಿತು ಇವರನ್ನೇ ಕುಣಿಸಿದ, ಇವರು ಕುಣಿದರು. ಈಗ ದೇವರ ಮನೆಯೂ ಹೋಯಿತು. ಅವನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು ಎಂದರು. ಎದ್ದು ಒಳಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದರು.

ನಾನು ಮಾಸ್ತರರಿಗೆ, ಹಿರಿಯರು ಹಾಗೆ ಹೇಳಬಾರದಿತ್ತು ಎಂದೆ.

“ಅವರು ಹೇಳಿದ್ದ್ರಾಗ ಖರೇನೂ ಐತಿ,” ಎಂದರು. “ನಾ ಆವತ್ತು ಬಾರಿಸಬಾರದಿತ್ತೋ ಏನೋ. ಬಿಟ್ಟು ಎದ್ದಿದ್ರ ಆ ಹುಡುಗಗ ಅಪಮಾನ ಆಕ್ಕಿತ್ತು. ಎರಡರಾಗ ಯಾವದು ಸರಿ ಅಂತ ನನಗ ಇನ್ನೂ ತಿಳದಿಲ್ರಿ.”

ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ.

“ಬರ್ತೈತ್ರಿ. ಇಲ್ಲ ಅಂದ್ರ ಸುಳ್ಳಾಕ್ಕೈತಿ. ಬಂದಾಗ ಮೊಣಕಾಲೂರಿ ಕೂಡ್ತೇನಿ. ಒಮ್ಮೊಮ್ಮೆ ಬಾಳ ಹೊತ್ತು ಕೂಡಬೇಕಾಕ್ಕೈತಿ. ಮೊಣಕಾಲು ನೋಯ್ತಾವ.”

ಆಮೇಲಿನ ಭಾನುವಾರಗಳಲ್ಲಿ ಅವರು ಆರಾಧನೆಗೆ ಹೋಗಿ ಕಡೆಯ ಚಾಪೆಯಲ್ಲಿ, ಬಾಗಿಲ ಹತ್ತಿರ ಕೂಡತೊಡಗಿದರು. ಪೇಟಿ ಇಲ್ಲದ ಹಾಡು ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವರೂ ಆ ತಪ್ಪು ಸ್ವರದಲ್ಲಿಯೇ ಎಲ್ಲರ ಜೊತೆ ಹಾಡುತ್ತಿದ್ದರು ಎಂದು ಬಾಯಾರು ಹೇಳಿದರು. ಅದನ್ನು ಹೇಳುವಾಗ ಮಾತ್ರ ಅವರ ದನಿ ಸಣ್ಣದಾಗಿತ್ತು.

ಆ ವರ್ಷದ ಮಳೆಗಾಲ ಕಳೆದ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಎದ್ದು ನೀರು ಕೇಳಿದರಂತೆ, ಕೇಳಿದ್ದು ಏನೆಂದು ತಿಳಿಯಲಿಲ್ಲ. ಎಡಗೈ ಎಡಗಾಲು ಹಿಡಿದುಕೊಂಡವು, ಬಾಯಿ ಒಂದು ಕಡೆಗೆ ಸರಿಯಿತು. ವಿಜಯಪುರದ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕಳಿಸಿದರು. ಕಾಲು ಸ್ವಲ್ಪ ಬಂತು, ಕೈ ಬರಲಿಲ್ಲ. ಪೇಟಿಗೆ ಗಾಳಿ ಹಾಕುತ್ತಿದ್ದುದು ಆ ಕೈ. ಸುದ್ದಿ ಹಬ್ಬಿದಂತೆ ಮಾತೂ ಹಬ್ಬಿತು. ನಮ್ಮ ಹಳ್ಳಿಯ ಚಹಾದಂಗಡಿಯಲ್ಲಿ, ಕಣ್ಣು ಮುಚ್ಚಿ ಅಷ್ಟು ಬೇಡಿಕೊಂಡರೂ ಅವರ ದೇವರು ಕೈ ಬಿಟ್ಟ ನೋಡು ಎಂದರು. ಬಾಗೇವಾಡಿಯ ಸಭೆಯಲ್ಲಿ ಯಾರೋ, ಬಾರಿಸಬಾರದ್ದನ್ನು ಬಾರಿಸಿದ ಕೈಯನ್ನೇ ದೇವರು ಮುಟ್ಟಿದ ಎಂದರು. ಹಾಗೆ ಅಂದವರ ಮನೆಯಿಂದಲೇ ಪಾಳಿ ಹಚ್ಚಿ ಗಂಜಿ, ಸಾರು ಬರುತ್ತಿತ್ತು ಎಂಬುದನ್ನೂ ಬರೆಯಬೇಕು.

ಅವರ ಮಾತು ಈಗ ತೊದಲು. ಒಂದು ಮಾತು ಇನ್ನೊಂದರೊಳಗೆ ಕಲಸಿಹೋಗುತ್ತಿತ್ತು. ಬಾಯಾರಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಬಂದವರಿಗೆ ಅವರೇ ಬಿಡಿಸಿ ಹೇಳುವರು. ಮಗ್ಗುಲಲ್ಲಿ ಕೂತು ಕಿವಿಗೊಟ್ಟರೆ ನನಗೂ ಅರ್ಧ ತಿಳಿಯುತ್ತಿತ್ತು. ಇಷ್ಟಾದರೂ ತಿನ್ನುವ ಮೊದಲು ಕಣ್ಣು ಮುಚ್ಚುವುದನ್ನು ಅವರು ಬಿಟ್ಟಿರಲಿಲ್ಲ. ಸೊಟ್ಟ ಬಾಯಿಯಿಂದ ಗಂಜಿ ಸೋರಿದರೆ ಬಲಗೈಯಿಂದ ಒರೆಸಿಕೊಂಡು ನಾಚಿದಂತೆ ನಗುತ್ತಿದ್ದರು.

ಒಂದು ಭಾನುವಾರ ನಾನು ಅಲ್ಲಿದ್ದಾಗಲೇ ಮಲ್ಲಪ್ಪ ಬಂದ. ಬಾಗಿಲಲ್ಲಿ ಬಾಯಾರು ನಿಂತಿದ್ದರು. ಅವನು ಚಪ್ಪಲಿ ಕಳಚಿ, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ, ಒಳಗೆ ಬರಲೇ ಎಂದು ಕೇಳಿದ. ಬಾಯಾರು ಸರಿಯಲಿಲ್ಲ.

“ಇವರ ಸೊಟ್ಟ ಮಾರೀನೂ ಬೇಕಾತೇನಪಾ ನಿಮ್ಮ ನಾಟಕಕ್ಕ?” ಎಂದರು.

ಮಲ್ಲಪ್ಪ ತಲೆ ತಗ್ಗಿಸಿದ. ಒಳಗಿನಿಂದ ಮಾಸ್ತರರು ಏನೋ ಅಂದರು. ಬಾಯಾರು ಅದನ್ನು ಬಿಡಿಸಿ ಹೇಳಲಿಲ್ಲ. ಮಾಸ್ತರರು ಮತ್ತೊಮ್ಮೆ ಅಂದರು. ಬಾಯಾರು ದಾರಿ ಬಿಟ್ಟು ಹಿತ್ತಿಲಿಗೆ ಹೋದರು. ಅವನು ಬರಲಿ ಎಂದಿದ್ದರು ಎಂಬುದು ನನಗೂ ತಿಳಿದಿತ್ತು.

ಮಲ್ಲಪ್ಪ ಹೆಚ್ಚು ಮಾತಾಡಲಿಲ್ಲ. ಅಳತೆ ತೆಗೆದುಕೊಳ್ಳುತ್ತೇನೆ ಎಂದ. ಇಳಿಬಿದ್ದ ಎಡಭುಜದಿಂದ ಟೇಪು ಹಿಡಿದು, ಆ ಕೈಯನ್ನು ಮೆಲ್ಲಗೆ ಎತ್ತಿ, ಅದರ ಕೆಳಗಿನಿಂದ ತೆಗೆದು ಮತ್ತೆ ಹಾಗೆಯೇ ಮಡಿಲಲ್ಲಿ ಇಟ್ಟ. ಆ ಕೈಯ ಭಾರ ಅವನಿಗೆ ತಿಳಿದದ್ದು ನನಗೆ ಅವನ ಮುಖದಲ್ಲಿ ಕಂಡಿತು. ಮಾಸ್ತರರು ಅವನನ್ನು ನೋಡಿ ತೊದಲಿದರು. ನಾನು ಎರಡು ಸಲ ಕೇಳಿ ಬಿಡಿಸಿ ಹೇಳಿದೆ. ನನ್ನ ಈಗಿನ ನಡಿಗೆ ನಿನಗೆ ಬರಲಿಕ್ಕಿಲ್ಲ, ಬಲು ಕಷ್ಟ ಐತಿ ಎನ್ನುತ್ತಿದ್ದಾರೆ ಎಂದೆ. ಮಾಸ್ತರರು ನಗುತ್ತಿದ್ದರು. ಮಲ್ಲಪ್ಪ ಟೇಪು ಸುತ್ತಿಕೊಂಡು ಎದ್ದು ಹೋದ.

ಮುಂದಿನ ವಾರ ಎರಡು ಅಂಗಿ ಬಂದವು. ಎಡಮಗ್ಗುಲು ಪೂರ್ತಿ ತೆರೆದು, ಉದ್ದಕ್ಕೂ ಒತ್ತಿದರೆ ಕೂಡುವ ಟಿಚ್ ಬಟನ್ ಇಟ್ಟು, ಒಂದೇ ಕೈಯಿಂದ ಹಾಕಿಕೊಳ್ಳಲು ಬರುವಂತೆ ಹೊಲಿದದ್ದು. ಬಾಯಾರು ಅವನ್ನು ಕೆಲವು ದಿನ ಪೆಟ್ಟಿಗೆಯ ಮೇಲೆಯೇ ಇಟ್ಟಿದ್ದರು. ಆಮೇಲೆ ಒಂದು ಬೆಳಿಗ್ಗೆ ಮಾಸ್ತರರು ತಾವೇ ಒಂದನ್ನು ತೊಟ್ಟುಕೊಂಡು ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರಂತೆ. ಯಾರ ಸಹಾಯವೂ ಇಲ್ಲದೆ ಅಂಗಿ ತೊಟ್ಟದ್ದು ಅದೇ ಮೊದಲು. ಬಾಯಾರು ಮಲ್ಲಪ್ಪನ ಹೆಸರನ್ನು ಮಾತ್ರ ಆಮೇಲೂ ಎತ್ತಲಿಲ್ಲ.

ಮಲ್ಲಪ್ಪ ಆ ಹಾಡನ್ನು ಬಿಟ್ಟ. ಆ ಹಾಡಿಗಾಗಿಯೇ ಕರೆಯಲು ಬಂದ ಊರುಗಳಿದ್ದವು. ಹೋಗಲಿಲ್ಲ. ಏಕೆಂದು ಯಾರಿಗೂ ಹೇಳಲಿಲ್ಲ. ಬೇರೆ ಹುಡುಗರು ಅದನ್ನು ಎತ್ತಿಕೊಂಡರು. ಹಾಡು ನಿಲ್ಲಲಿಲ್ಲ, ಈಗಲೂ ಎಲ್ಲಿಯಾದರೂ ಕೇಳುತ್ತದೆ.

ಈ ಸಲದ ಶುಭ ಶುಕ್ರವಾರ ನಾನು ಬಾಗೇವಾಡಿಯಲ್ಲಿದ್ದೆ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ, ಮಧ್ಯಾಹ್ನವೆಲ್ಲ ಆರಾಧನೆ. ನೀವೂ ಬರ್ರಿ ಎಂದು ಮಾಸ್ತರರು ಕರೆದರು, ಎಂದೂ ಕರೆಯದವರು. ಆ ತಗಡಿನ ಕೋಣೆಯಲ್ಲಿ ಕಡೆಯ ಚಾಪೆಯ ಹತ್ತಿರ ಅವರಿಗೊಂದು ಕುರ್ಚಿ ಹಾಕಿದ್ದರು. ಒಂದು ಮಗ್ಗುಲಿಗೆ ಬಾಯಾರು ಕೂತರು, ಇನ್ನೊಂದು ಮಗ್ಗುಲಿಗೆ ನಾನು. ಹೊರಗೆ ಬೆಂಕಿಯಂಥ ಬಿಸಿಲು. ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು. ಬಿಳಿ ಬಟ್ಟೆಯ ಮಂದಿ, ತೂಕಡಿಸುವ ಮಕ್ಕಳು, ಬೆವರಿನ ವಾಸನೆ. ಓದುವವರ ದನಿ ಹತ್ತಿರ ಬಂದು ದೂರ ಹೋಗುತ್ತಿತ್ತು, ನನಗೆ ನಿದ್ದೆಯೋ ಎಚ್ಚರವೋ ತಿಳಿಯದಂತಾಗಿತ್ತು. ಸಿಪಾಯಿಗಳು ಮುಳ್ಳಿನ ಕಿರೀಟ ಇಡುವ ಮಾತು ಬಂದಾಗ ಮಾಸ್ತರರ ಕಡೆ ನೋಡಿದೆ. ಅವರು ತಲೆ ಬಾಗಿಸಿ ಕೂತಿದ್ದರು.

ಓದು ಮುಗಿದ ಮೇಲೆ ಪ್ರಾರ್ಥನೆ. ಹಿರಿಯರು ಮುಂದಿನಿಂದ ಎದ್ದು, ಕೂತವರ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ಬಂದರು. ಎಲ್ಲರೂ ತಿರುಗಿ ನೋಡುತ್ತಿದ್ದರು. ಮಾಸ್ತರರ ಕುರ್ಚಿಯ ಮುಂದೆ ನಿಂತು, “ಇವತ್ತಿನ ಪ್ರಾರ್ಥನಿ ನೀವು ಮಾಡ್ರಿ,” ಎಂದರು. ಅಷ್ಟೇ. ಅಲ್ಲಿಯೇ ಚಾಪೆಯ ಅಂಚಿಗೆ ಕೂತುಬಿಟ್ಟರು.

ಮಾಸ್ತರರು ಬಾಯಾರ ಭುಜ ಹಿಡಿದು ಎದ್ದು ನಿಂತರು. ಕಣ್ಣು ಮುಚ್ಚಿದರು. ಬಾಯಿ ತೆರೆದಾಗ ಬಂದದ್ದು ಆ ಕಲಸಿದ ಮಾತು. ಮುಂದಿನ ಸಾಲಿನ ಇಬ್ಬರು ಮಕ್ಕಳು ಕಿಸಕ್ಕನೆ ನಕ್ಕರು, ತಾಯಿ ಬಾಯಿ ಮುಚ್ಚಿಸಿದಳು, ಇನ್ನೊಂದು ಕಡೆಯಿಂದ ನಗು ಬಂತು. ಮಾಸ್ತರರು ನಿಲ್ಲಿಸಲಿಲ್ಲ. ಕೂತವರು ಒಬ್ಬರನ್ನೊಬ್ಬರು ನೋಡಿದರು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹಿರಿಯರು ತಲೆ ಎತ್ತಿ ಬಾಯಾರನ್ನು ನೋಡಿದರು. ಬಾಯಾರು ಸೆರಗು ಸರಿಮಾಡಿಕೊಂಡು, ತಮ್ಮ ಆಸ್ಪತ್ರೆಯ ದೊಡ್ಡ ದನಿಯಲ್ಲಿ ಗಂಡನ ಒಂದೊಂದೇ ಮಾತನ್ನು ಎತ್ತಿ ಹೇಳತೊಡಗಿದರು.

ಈ ಹೊತ್ತು ಕೊಟ್ಟದ್ದಕ್ಕೆ ಸ್ತೋತ್ರ ಎಂದರು ಮಾಸ್ತರರು, ಬಾಯಾರು ಅದನ್ನೇ ಎತ್ತಿ ಹೇಳಿದರು. ನಗುವ ಮಕ್ಕಳಿಗಾಗಿ ಸ್ತೋತ್ರ ಎಂದರು, ಬಾಯಾರು ಹೇಳಿದರು, ಮಕ್ಕಳು ಸುಮ್ಮನಾದರು. ಹಿರಿಯರ ಹೆಸರು ಹೇಳಿ, ಅವರ ಮೊಮ್ಮಗಳ ಜ್ವರ ಬಿಡಲಿ ಎಂದರು. ಹಿರಿಯರು ಮುಖ ಮುಚ್ಚಿಕೊಂಡರು. ಹಳ್ಳಿಯ ಚಹಾದಂಗಡಿಯವನಿಗೆ ಒಳ್ಳೆಯದಾಗಲಿ ಎಂದರು. ನನ್ನ ಹೆಸರನ್ನೂ ಹೇಳಿದರು. ಬಾಯಾರ ದನಿ ಎಲ್ಲಿಯೂ ತಡೆಯಲಿಲ್ಲ, ಒಬ್ಬೊಬ್ಬರನ್ನೂ ಗೋಡೆಗೆ ಮುಟ್ಟುವಂತೆ ಹೇಳುತ್ತ ಹೋದರು.

ಆಮೇಲೆ ಮಾಸ್ತರರು, “ಮಲ್ಲಪ್ಪಗ,” ಎಂದರು.

ತೊದಲಿನಲ್ಲಿಯೂ ಆ ಹೆಸರು ನನಗೆ ಸರಿಯಾಗಿ ಕೇಳಿಸಿತು. ಬಾಯಾರು ಹೇಳಲಿಲ್ಲ. ಕೂತವರು ಕಾಯ್ದರು. ಮಾಸ್ತರರು ಮತ್ತೆ ಹೇಳಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಬಾಯಾರ ಒಂದು ಕೈ ಗಂಡನ ಬೆನ್ನ ಮೇಲಿತ್ತು. ಫ್ಯಾನಿನ ಸದ್ದು, ದೂರದ ದಾರಿಯಲ್ಲಿ ಹೋಗುವ ಬಸ್ಸಿನ ಸದ್ದು, ತಗಡಿನ ಮೇಲೆ ಹಕ್ಕಿಯೊಂದು ನಡೆಯುವ ಸದ್ದು.

“ದರ್ಜಿ ಮಲ್ಲಪ್ಪಗ,” ಎಂದರು ಬಾಯಾರು. ದನಿ ಒಡೆದಿತ್ತು. ಉಸಿರು ತೆಗೆದುಕೊಂಡು ಮುಂದುವರಿಸಿದರು. “ಮತ್ತ ಅವನ ಹೇಣ್ತಿ ಮಕ್ಕಳಿಗೆ. ಅವ್ರನ್ನ ಚಲೋ ಇಡು ಸ್ವಾಮಿ.”

ಮಾಸ್ತರರು ಹೇಳಿದ್ದು ಮಲ್ಲಪ್ಪನ ಹೆಸರೊಂದನ್ನೇ. ಹೆಂಡತಿ ಮಕ್ಕಳ ಮಾತು ಅವರ ಬಾಯಿಂದ ಬಂದಿರಲಿಲ್ಲ. ಅದನ್ನು ಬಾಯಾರು ತಾವಾಗಿಯೇ ಸೇರಿಸಿದ್ದರು.